ಮನೆಯ ಫೈಬರ್ ಇಂಟರ್ನೆಟ್: ಹೆಬ್ರಿ ಕಡೆಯ ಅನುಭವ

ಉಡುಪಿ ಜಿಲ್ಲೆಯ ಹೆಬ್ರಿ ಸಮೀಪದ ನಮ್ಮ ಊರಿನಲ್ಲಿ ಸ್ಥಳೀಯ ಕೇಬಲ್‌ನವರು ಕೊಡುವ ಫೈಬರ್ ಇಂಟರ್ನೆಟ್ಟನ್ನು ನಾವು ಮಳೆಗಾಲ, ಬೇಸಿಗೆ ಎರಡರಲ್ಲೂ ಬಳಸಿದ್ದೇವೆ. ಲೈನ್ ಸರಿಯಿದ್ದಾಗ ವೇಗದ ಬಗ್ಗೆ ದೂರಿಲ್ಲ. ಬೆಂಗಳೂರಿನ ಕಚೇರಿ ಕೆಲಸವನ್ನು ಮನೆಯಿಂದಲೇ ಮಾಡುವ ಮಗಳ ವೀಡಿಯೊ ಮೀಟಿಂಗ್‌ಗಳು ಅಡಚಣೆಯಿಲ್ಲದೆ ನಡೆಯುತ್ತವೆ. ಆದರೆ ಸುತ್ತಮುತ್ತಲಿನ ಎಷ್ಟೋ ಮನೆಗಳಲ್ಲಿ ಈ ಸಂಪರ್ಕ ಏಕಿಲ್ಲ ಎಂಬುದನ್ನು ಹೇಳದೆ ಸೇವೆಯ ಗುಣದೋಷ ಪೂರ್ತಿ ತಿಳಿಯದು.

ಗ್ರಾಮ ಪಂಚಾಯತಿಗಳವರೆಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲೇ ಒಪ್ಪಿಗೆ ಕೊಟ್ಟಿತ್ತು; ಇಂದು ಭಾರತ್‌ನೆಟ್ ಎನ್ನುವುದು ಅದನ್ನೇ. ಪಂಚಾಯತಿ ಕಚೇರಿಯಿಂದ ಮನೆಯಂಗಳದವರೆಗಿನ ದಾರಿಯೇ ಇಲ್ಲಿ ಕಷ್ಟದ್ದು. ಬಯಲುಸೀಮೆಯಂತೆ ನಮ್ಮ ಮನೆಗಳು ಒತ್ತೊತ್ತಾಗಿಲ್ಲ. ಗುಡ್ಡೆಯಾಚೆ ಒಂದು, ತೋಟದ ಕೆಳಗೆ ಇನ್ನೊಂದು. ರಸ್ತೆಯ ಕಂಬದಿಂದ ಒಂದೇ ಮನೆಗಾಗಿ ಅಷ್ಟುದ್ದ ವಯರ್ ಎಳೆಯುವುದು ಕೇಬಲ್‌ನವರಿಗೆ ಗಿಟ್ಟುವುದಿಲ್ಲ, ಹೆಚ್ಚುವರಿ ವಯರಿನ ಹಣವನ್ನು ಮನೆಯವರೇ ಕೊಡಬೇಕೆಂದರೆ ಅವರಿಗೆ ಹೊರೆಯಾಗುತ್ತದೆ.

ಹೇಗೋ ಎಳೆದರೂ ಅದು ಅಡಿಕೆ ಮರದಿಂದ ಮರಕ್ಕೆ ಕಟ್ಟಿದ ವಯರು. ಆಟಿ ಎಂಬ ತುಳು ತಿಂಗಳ ಗಾಳಿಮಳೆಗೆ ತೆಂಗಿನ ಮಡಲು ಬಿದ್ದು ನಮ್ಮ ಲೈನ್ ತುಂಡಾದಾಗ ಮೋಡೆಮ್‌ನಲ್ಲಿ ಕೆಂಪು ದೀಪ ಮಿನುಗತೊಡಗಿತು. ಹಳೆಯ ತಾಮ್ರದ ವಯರನ್ನು ಕೈಯಲ್ಲಿ ತಿರುಚಿ ಸೇರಿಸಬಹುದಿತ್ತು. ಫೈಬರ್ ವಯರಿನೊಳಗಿನ ಕೂದಲೆಳೆಯಂತಹ ಗಾಜಿನ ನೂಲನ್ನು ಸಿಪ್ಪೆ ಸುಲಿದು, ಸ್ಪಿರಿಟ್‌ನಲ್ಲಿ ಒರೆಸಿ, ನೇರವಾಗಿ ಕತ್ತರಿಸಿ, ಯಂತ್ರದಲ್ಲಿಟ್ಟು ಬೆಸೆಯಬೇಕು. ದುರಸ್ತಿಗೆ ಬಂದ ಕೇಬಲ್‌ನವರ ಹುಡುಗ ತೋಟದ ನಡುವೆ ಕೊಡೆಯಡಿ ಕುಳಿತು ಅಷ್ಟನ್ನೂ ಶ್ರದ್ಧೆಯಿಂದ ಮಾಡಿದ. ದೋಷ ಅವನದಲ್ಲ, ಇಡೀ ವಲಯದ ದುರಸ್ತಿಗೆ ಅಂಥವರು ತೀರಾ ಕಡಿಮೆ, ಹಾಗಾಗಿ ಸರದಿ ಬರುವವರೆಗೆ ಕಾಯಬೇಕು.

ಕರೆಂಟಿನದು ಬೇರೆಯೇ ಸಮಸ್ಯೆ. ಲ್ಯಾಂಡ್‌ಲೈನ್‌ಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿದ್ದುದರಿಂದ ಕರೆಂಟು ಹೋದರೂ ಫೋನು ಬಡಿಯುತ್ತಿತ್ತು. ಮೋಡೆಮ್ ಹಾಗಲ್ಲ, ಇನ್ವರ್ಟರ್ ಇಲ್ಲದ ಮನೆಯಲ್ಲಿ ಅದು ಆರಿಹೋಗುತ್ತದೆ.

ಮಕ್ಕಳು ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವ ಹಿರಿಯರು ಮೊಬೈಲ್ ರೀಚಾರ್ಜೇ ಸಾಕೆನ್ನುತ್ತಾರೆ, ಅದು ಅವರ ಆಯ್ಕೆ. ನನಗೆ ನೋವಾಗುವುದು ಮೊಬೈಲ್ ಸಿಗ್ನಲ್ಲೂ ಸಿಗದ ತಗ್ಗಿನ ಮನೆಗಳ ವಿದ್ಯಾರ್ಥಿಗಳನ್ನು ಕಂಡಾಗ. ಫೈಬರ್ ಎಲ್ಲರಿಗಿಂತ ಹೆಚ್ಚು ಬೇಕಾದ ಆ ಮನೆಗಳೇ ಕಂಬದಿಂದ ಎಲ್ಲಕ್ಕಿಂತ ದೂರದಲ್ಲಿವೆ. ವಯರಿನ ಹಣವನ್ನು ಕಂತುಗಳಲ್ಲಿ ಪಡೆದು, ಲೈನ್ ಕೆಟ್ಟಿರುವ ದಿನಗಳ ಬಾಡಿಗೆ ಬಿಟ್ಟುಕೊಟ್ಟರೆ ಕೇಬಲ್‌ನವರಿಗೆ ಇಂತಹ ಗಿರಾಕಿಗಳು ಖಂಡಿತ ಸಿಗುತ್ತಾರೆ.

ರಸ್ತೆ ಬದಿಯ ಮನೆಯವರು ಧೈರ್ಯವಾಗಿ ಈ ಸಂಪರ್ಕ ಪಡೆಯಬಹುದು. ತೋಟದೊಳಗಿನವರು ಮಾತ್ರ ವಯರಿನ ಒಟ್ಟು ಖರ್ಚನ್ನೂ ದುರಸ್ತಿಗೆ ಬರುವ ಅವಧಿಯನ್ನೂ ಬರವಣಿಗೆಯಲ್ಲಿ ಪಡೆದ ಮೇಲೆಯೇ ಮುಂಗಡ ಕೊಡಬೇಕು.