ಸೆನ್ಸರ್ ಕಾಣಿಸುತ್ತಿಲ್ಲ ಅಂತ 5 ವೋಲ್ಟ್ ಕೊಟ್ಟೀರಿ, ಜೋಕೆ

ನನ್ನ ಮೇಜಿನ ಮೇಲೆ ಈಗ ಒಂದು ಸತ್ತ ಸೆನ್ಸರ್, ಒಂದು ಕುಂಟು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಕೂತಿವೆ. ಎರಡಕ್ಕೂ ಆ ಗತಿ ತಂದವನು ನಾನೇ. ಅಂಗಡಿಯವನ ಪಾಲೂ ಸ್ವಲ್ಪ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಹನ್ನೊಂದು ದಿನ ಹಾಳಾಯಿತು. ನೀವೂ ಇದೇ ಹಳ್ಳಕ್ಕೆ ಬೀಳೋದು ಬೇಡ ಅಂತ ಬರೆಯುತ್ತಿದ್ದೇನೆ.

ಶುರುವಾಗಿದ್ದು ಭಾವನ ಹುಳು ಮನೆಯಿಂದ. ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಅಕ್ಕ, ಭಾವ ರೇಷ್ಮೆ ಮಾಡುತ್ತಾರೆ, ಬೆಳೆಗೆ ನೂರೈವತ್ತು ಮೊಟ್ಟೆ (ಒಂದು ಚಿಟ್ಟೆ ಇಟ್ಟದ್ದೆಲ್ಲ ಸೇರಿ ಒಂದು ಲೆಕ್ಕ). ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಬಿಟ್ಟ ಹುಳು ತರುತ್ತಾರೆ. ಅಲ್ಲಿಂದ ಹಣ್ಣಾಗಿ ಗೂಡು ಕಟ್ಟಲು ತಯಾರಾಗುವ ತನಕ ಮನೆಯೊಳಗೆ 24ರಿಂದ 26 ಡಿಗ್ರಿ ಶಾಖ, ನೂರಕ್ಕೆ 70ರಿಂದ 80ರಷ್ಟು ತೇವ ಇರಬೇಕು. ಬೇಸಿಗೆಯಲ್ಲಿ ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟುತ್ತಾರೆ. ಗೋಡೆಯ ಮೇಲೆ ಜೋಡಿ ಥರ್ಮಾಮೀಟರ್ ಇದೆ, ಒಂದು ಒಣದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ್ದು. ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಬಿಟ್ಟು ಅದನ್ನು ನೋಡುವುದು ಭಾವನ ಪಾಲಿನ ಕೆಲಸ.

"ನೀವು ಮಲಗಿ ಭಾವ, ಫೋನಿಗೇ ಬರೋ ಹಾಗೆ ಮಾಡ್ಕೊಡ್ತೀನಿ" ಅಂದುಬಿಟ್ಟೆ. ನಾಲಿಗೆಗೆ ಮೂಳೆ ಇಲ್ಲ ನೋಡಿ.

ನನ್ನ ಹತ್ತಿರ ಒಂದು ಪೈ 4 ಸುಮ್ನೆ ಬಿದ್ದಿತ್ತು. ಸೆನ್ಸರ್‌ಗೆ ಬಾಷ್ ಕಂಪನಿಯ ಬಿಎಂಇ280 ಚಿಪ್ ಇರುವ ಬೋರ್ಡ್ ತರೋಣ ಅಂದುಕೊಂಡೆ. ಶಾಖ, ತೇವ, ಗಾಳಿಯ ಒತ್ತಡ ಮೂರನ್ನೂ ಒಂದೇ ಚಿಪ್ ಕೊಡುತ್ತದೆ. ನನಗೆ ಬೇಕಾದದ್ದು ಮುಖ್ಯವಾಗಿ ತೇವ. ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಎರಡು ಕೊಂಡೆ, ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಬೋರ್ಡ್ ಬೇರೆ, ಆರು ಪಿನ್ನಿನ ಪಟ್ಟಿ ಬೇರೆ ಬಂತು. "ಸೋಲ್ಡರ್ ಮಾಡಬೇಕಾ?" ಅಂತ ಕೇಳಿದೆ. "ಟೆಸ್ಟಿಂಗ್‌ಗೆ ಬೇಡ ಸರ್, ಒತ್ತಿ ಕೂರಿಸಿ, ಸಾಕು" ಅಂದ ಹುಡುಗ. ಈ ಒಂದು ಮಾತಿಗೆ ನಾನು ಹನ್ನೊಂದು ದಿನ ಕೊಟ್ಟೆ.

ಮನೆಗೆ ಬಂದು ತಂತಿ ಜೋಡಿಸಿದೆ. ಪೈನ 1ನೇ ಪಿನ್ನಿಂದ 3.3 ವೋಲ್ಟ್, 3ನೇ ಪಿನ್ ಎಸ್‌ಡಿಎ, 5ನೇ ಪಿನ್ ಎಸ್‌ಸಿಎಲ್, 9ನೇ ಪಿನ್ ಗ್ರೌಂಡ್. ನಡುವಿನ ಆ ಎರಡು, ಎಸ್‌ಡಿಎ, ಎಸ್‌ಸಿಎಲ್, ಐಟೂಸಿ ಅನ್ನೋ ಬಸ್ಸಿನ ತಂತಿಗಳು, ಪೈ ಮತ್ತು ಸೆನ್ಸರ್ ಮಾತಾಡಿಕೊಳ್ಳುವುದು ಇವುಗಳ ಮೇಲೆ. ಐಟೂಸಿ-ಡಿಟೆಕ್ಟ್ ಕಮಾಂಡ್ ಕೊಟ್ಟೆ. ಇದು ಬಸ್ಸಿನಲ್ಲಿ ಯಾರ್ಯಾರು ಇದ್ದೀರಿ ಅಂತ ಒಂದೊಂದೇ ವಿಳಾಸ ಕರೆದು ಕೇಳುತ್ತದೆ. ಸೆನ್ಸರ್ ಇದ್ದರೆ ಅದರ ನಂಬರ್ ಮೂಡುತ್ತದೆ, ಈ ಚಿಪ್ಪಿಗಾದರೆ 76 ಅಥವಾ 77. ನನಗೆ ಮೂಡಿದ್ದು ಬರೀ ಗೀಟು. ಎಂಟೂ ಸಾಲು ಗೀಟು. ಹಾಜರಿ ಪುಸ್ತಕದಲ್ಲಿ ಇಡೀ ಕ್ಲಾಸಿಗೆ ಗೈರು ಹಾಕಿದ ಹಾಗೆ.

ಇಲ್ಲಿಂದ ನನ್ನ ದಡ್ಡತನ ಶುರು. ತಂತಿ ಕಡೆ ತಿರುಗಿಯೂ ನೋಡದೆ ಕೀಬೋರ್ಡ್ ಹಿಡಿದು ಕೂತೆ. ಸೆಟ್ಟಿಂಗ್‌ನಲ್ಲಿ ಐಟೂಸಿ ಆಫ್ ಮಾಡಿ ಆನ್ ಮಾಡಿದೆ. ಲೈಬ್ರರಿ ತೆಗೆದು ಮತ್ತೆ ಹಾಕಿದೆ. ಹಳೆಯ ಪಾಠವೊಂದನ್ನು ನೋಡಿ ಬೂಟ್ ಫೋಲ್ಡರಿನ ಕಾನ್ಫಿಗ್ ಫೈಲ್ ತೆರೆದರೆ, ಇದನ್ನು ಮುಟ್ಟಬೇಡಿ, ಫೈಲ್ ಬೇರೆ ಕಡೆ ಹೋಗಿದೆ ಅಂತ ಬರೆದಿತ್ತು. ಪೈ ಓಎಸ್‌ನ 2023ರಲ್ಲಿ ಬಂದ ಬುಕ್‌ವರ್ಮ್ ಆವೃತ್ತಿಯಿಂದ ಅದು ಬೂಟ್ ಒಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿರುತ್ತದೆ. ಅಲ್ಲಿಗೂ ಹೋಗಿ ತಿದ್ದಿದೆ. ಕಡೆಗೆ ಮೆಮೊರಿ ಕಾರ್ಡ್ ಅಳಿಸಿ ಇಡೀ ಓಎಸ್ ಹೊಸದಾಗಿ ಹಾಕಿದೆ. ಒಂದಲ್ಲ, ಮೂರು ಸಲ! ಪ್ರತಿ ಸಲವೂ ಅದೇ ಎಂಟು ಸಾಲು.

ಆಗ ನನಗೆ ಹೊಳೆಯದೇ ಹೋದದ್ದು ಇಷ್ಟು. ಐಟೂಸಿ ಆನ್ ಆಗಿರದಿದ್ದರೆ ಗೀಟುಗಳೇ ಬರುವುದಿಲ್ಲ. ಬಸ್ಸಿನ ಫೈಲನ್ನೇ ತೆರೆಯಲು ಆಗಲಿಲ್ಲ ಅಂತ ಎರರ್ ಬರುತ್ತದೆ. ಗೀಟುಗಳ ಚೌಕ ಪೂರ್ತಿ ಬಂತು ಅಂದರೆ ಪೈ ತನ್ನ ಕೆಲಸ ಮಾಡಿದೆ, ಕರೆದಿದೆ, ಆ ಕಡೆಯಿಂದ ಯಾರೂ ಓ ಅಂದಿಲ್ಲ. ಆಮೇಲೆ ನೋಡಬೇಕಾದ್ದು ತಂತಿ, ಪಿನ್, ಬೋರ್ಡ್, ಅಷ್ಟೆ. ಓಎಸ್ ಹತ್ತು ಸಲ ಹಾಕಿದರೂ ತಾಗದ ಪಿನ್ ತಾಗುವುದಿಲ್ಲ ಅಲ್ವಾ.

ಐದನೇ ರಾತ್ರಿ ಒಂದು ತಮಾಷೆ ನಡೆಯಿತು. ಬೋರ್ಡನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಕಮಾಂಡ್ ಕೊಟ್ಟೆ. ಕೊನೇ ಸಾಲಿನಲ್ಲಿ 76 ಬಂತು! ಕುರ್ಚಿಯಿಂದ ಎದ್ದೇ ಬಿಟ್ಟೆ. ಬೋರ್ಡ್ ಕೆಳಗಿಟ್ಟು ಮತ್ತೆ ನೋಡಿದರೆ ಇಲ್ಲ. ಹೆಬ್ಬೆರಳಲ್ಲಿ ಓರೆಯಾಗಿ ಒತ್ತಿದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ನೆಟ್ಟಗೆ ಯೋಚನೆ ಮಾಡುವವನು ಅಲ್ಲೇ ಸೋಲ್ಡರಿಂಗ್ ಕಡ್ಡಿ ಬಿಸಿಗೆ ಇಡುತ್ತಿದ್ದ. ಆ ಬೋರ್ಡಿನ ತೂತಿಗಿಂತ ಪಿನ್ ಸಣ್ಣದು, ಸುಮ್ನೆ ಚುಚ್ಚಿದರೆ ಅದು ತೂತಿನೊಳಗೆ ಅಲ್ಲಾಡುತ್ತಾ ನಿಲ್ಲುತ್ತದೆ. ತಾಗಿದರೆ ತಾಗಿತು, ಇಲ್ಲದಿದ್ದರೆ ಇಲ್ಲ.

ನನ್ನ ತಲೆ ಓಡಿದ್ದೇ ಬೇರೆ ಕಡೆ. "ಬರುತ್ತೆ, ಹೋಗುತ್ತೆ ಅಂದ್ರೆ ಕರೆಂಟ್ ಸಾಲ್ತಿಲ್ಲ" ಅಂದುಕೊಂಡೆ. ಊರಲ್ಲಿ ಪಂಪ್‌ಸೆಟ್ ನೋಡಿ ಬೆಳೆದವರಿಗೆ ಮೊದಲು ಹೊಳೆಯುವುದೇ ಲೋ ವೋಲ್ಟೇಜ್. ಪೈನಲ್ಲಿ 1ನೇ ಪಿನ್ 3.3 ವೋಲ್ಟ್, ಪಕ್ಕದ 2ನೇ ಪಿನ್ 5 ವೋಲ್ಟ್. ತಂತಿ ಒಂದು ಮನೆ ಆಚೆಗೆ ಸರಿಸಿದೆ. ಎಡಗೈ ಹೆಬ್ಬೆರಳು ಬೋರ್ಡ್ ಮೇಲೇ ಇತ್ತು, ಈ ಸಲ ಚೆನ್ನಾಗಿ ತಾಗಿತ್ತು ಕೂಡ.

ಹೊಗೆ ಬರಲಿಲ್ಲ, ಸದ್ದಾಗಲಿಲ್ಲ. ಆ ಚಿಪ್ಪಿನ ಬೆಳ್ಳಿ ಬಣ್ಣದ ಮುಚ್ಚಳ ಇದೆಯಲ್ಲ, ಎಳ್ಳುಕಾಳಿನಷ್ಟು, ಅದು ಬೆರಳಿಗೆ ಚುರುಕ್ ಅಂತು. ಕೈ ತೆಗೆದೆ. ತಂತಿ ಕಿತ್ತೆ. ಮತ್ತೆ 3.3ಕ್ಕೆ ಹಾಕಿ ಕಮಾಂಡ್ ಕೊಟ್ಟರೆ, ಮೊದಲು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿದ್ದ ಗೀಟುಗಳು ಈಗ ಒಂದೊಂದೇ, ಆಮೆ ನಡೆದ ಹಾಗೆ ಬರತೊಡಗಿದವು. ಸೆನ್ಸರ್ ಪೂರ್ತಿ ಬಿಚ್ಚಿಟ್ಟು ನೋಡಿದೆ. ಆಗಲೂ ಆಮೆ.

ಆ ಹೊತ್ತಿಗೆ, ಐದು ದಿನ ಆದಮೇಲೆ, ಮಲ್ಟಿಮೀಟರ್ ನೆನಪಾಯಿತು. ಪೈನ 3ನೇ ಪಿನ್ನಿನಲ್ಲಿ 3.3 ವೋಲ್ಟ್ ಇತ್ತು. 5ನೇ ಪಿನ್ನಿನಲ್ಲಿ ಅರ್ಧ ವೋಲ್ಟೂ ಇರಲಿಲ್ಲ. ಸುಮ್ಮನಿರುವಾಗ ಈ ಎರಡೂ ಪಿನ್ 3.3 ತೋರಿಸಬೇಕು. ಪೈ ಬೋರ್ಡಿನೊಳಗೇ 1.8 ಕಿಲೊ ಓಮ್ ರೆಸಿಸ್ಟರ್‌ಗಳು ಅವನ್ನು ಮೇಲಕ್ಕೆ ಎಳೆದು ಹಿಡಿದಿರುತ್ತವೆ. ಕೆಳಗೆ ಕುಸಿದಿದೆ ಅಂದರೆ ಒಳಗೆ ಸುಟ್ಟಿದೆ ಅಂತಲೇ ಲೆಕ್ಕ.

ಯಾಕೆ ಹೀಗಾಯಿತು ಅಂತ ಆಮೇಲೆ ಕೂತು ಓದಿದೆ. ಬಿಎಂಇ280 ಚಿಪ್ ಕೆಲಸ ಮಾಡುವುದು 3.6 ವೋಲ್ಟ್ ತನಕ. 4.25 ದಾಟಿದರೆ ಚಿಪ್ಪಿಗೆ ಅಪಾಯ ಅಂತ ಅದರ ಡೇಟಾಶೀಟ್‌ನಲ್ಲೇ ಇದೆ. ಕೆಲವು ಬೋರ್ಡುಗಳಲ್ಲಿ 5 ವೋಲ್ಟನ್ನು ಇಳಿಸಿಕೊಳ್ಳುವ ರೆಗ್ಯುಲೇಟರ್ ಇರುತ್ತದೆ. ನಾನು ತಂದ ಆರು ಪಿನ್ನಿನ ಬೋರ್ಡಿನಲ್ಲಿ ಅದಿಲ್ಲ, ಕೊಟ್ಟದ್ದು ನೇರ ಚಿಪ್ಪಿಗೆ. ಅಷ್ಟೇ ಆಗಿದ್ದರೆ ಸೆನ್ಸರ್ ಒಂದು ಹೋಗುತ್ತಿತ್ತು. ಆ ಬೋರ್ಡಿನ ಮೇಲೂ ಹೀಗೆ ಮೇಲಕ್ಕೆಳೆಯುವ ಎರಡು ಪುಲ್-ಅಪ್ ರೆಸಿಸ್ಟರ್ ಇರುತ್ತವೆ, ಅವು ಎಸ್‌ಡಿಎ, ಎಸ್‌ಸಿಎಲ್ ತಂತಿಗಳನ್ನು ಬೋರ್ಡಿಗೆ ಎಷ್ಟು ವೋಲ್ಟ್ ಕೊಟ್ಟಿದ್ದೀರೋ ಆ ಕಡೆಗೆ ಎಳೆಯುತ್ತವೆ. ಸಾಯುತ್ತಿರುವ ಚಿಪ್ಪಿನ ಮೂಲಕವೂ ಆ 5 ವೋಲ್ಟ್ ದಾರಿ ಮಾಡಿಕೊಂಡಿರಬೇಕು. ಪೈನ ಪಿನ್‌ಗಳು 3.3 ವೋಲ್ಟಿನವು, 5 ತಡೆಯುವುದಿಲ್ಲ. ಆರ್ಡ್ವಿನೊ ಊನೊ ಅನ್ನೋ ಇನ್ನೊಂದು ಬೋರ್ಡ್ 5 ವೋಲ್ಟಿನದು. ಅದರಲ್ಲಿ ಕೈ ಪಳಗಿದವರು ಇಲ್ಲಿ ಎಡವುತ್ತಾರೆ, ನನ್ನ ಹಾಗೆ.

ಪೈ ಪೂರ್ತಿ ಸತ್ತಿಲ್ಲ, ಅದೊಂದು ಪುಣ್ಯ. ಪೈ 4ರಲ್ಲಿ ಬೇರೆ ಪಿನ್‌ಗಳ ಮೇಲೂ ಐಟೂಸಿ ಬಸ್ ತೆರೆಯಬಹುದು, ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಸೇರಿಸಬೇಕು. ಆದರೆ ಆ ಪಿನ್‌ಗಳಿಗೆ 1.8 ಕಿಲೊ ಓಮ್ ರೆಸಿಸ್ಟರ್ ಇರುವುದಿಲ್ಲ, ನಾವೇ ಹೊರಗಿನಿಂದ 3.3 ವೋಲ್ಟಿಗೆ ಕಟ್ಟಬೇಕು. ನಾನು 4.7 ಕಿಲೊ ಓಮ್ ಹಾಕಿದೆ. ಎರಡನೇ ಬೋರ್ಡಿಗೆ ಪಿನ್‌ಗಳನ್ನು ನೀಟಾಗಿ ಸೋಲ್ಡರ್ ಮಾಡಿದೆ, ಹತ್ತು ನಿಮಿಷದ ಕೆಲಸ. ಮೊದಲ ಸಲಕ್ಕೇ 76 ಬಂತು.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ.

ಶಾಖ ಬಂತು, ಒತ್ತಡ ಬಂತು. ತೇವ ಮಾತ್ರ ಸೊನ್ನೆ. ಬಾಯಿ ಹತ್ತಿರ ಹಿಡಿದು ಊದಿದೆ. ಸೊನ್ನೆ. ಒದ್ದೆ ಬಟ್ಟೆಯ ಪಕ್ಕ ಇಟ್ಟೆ. ಸೊನ್ನೆ. ಈ ಸಲ ಓಎಸ್ ಮುಟ್ಟಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. ಚಿಪ್ಪಿಗೆ ತನ್ನ ಹೆಸರು ಹೇಳು ಅಂತ ಕೇಳಬಹುದು. ಅದರೊಳಗೆ ಡಿ0 ಅನ್ನೋ ರಿಜಿಸ್ಟರ್ (ಅಂಕಿ ಇಟ್ಟಿರುವ ಮನೆ) ಓದಬೇಕು. ಬಿಎಂಇ280 ಆದರೆ ಹೆಕ್ಸ್‌ನಲ್ಲಿ 60 ಅನ್ನುತ್ತದೆ. ನನ್ನದು 58 ಅಂದಿತು. 58 ಅಂದರೆ ಬಿಎಂಪಿ280. ಅಣ್ಣ ತಮ್ಮ ಇದ್ದ ಹಾಗೆ, ಹೆಸರಲ್ಲಿ ಒಂದಕ್ಷರ ವ್ಯತ್ಯಾಸ, ವಿಳಾಸ ಕೂಡ ಅದೇ 76, ಬೆಲೆ ಮಾತ್ರ ತುಂಬಾ ಕಡಿಮೆ. ಅದಕ್ಕೆ ತೇವ ಅಳೆಯುವುದೇ ಗೊತ್ತಿಲ್ಲ.

ಸತ್ತದ್ದನ್ನೂ ಇದನ್ನೂ ಭೂತಗನ್ನಡಿ ಕೆಳಗೆ ಇಟ್ಟು ನೋಡಿದೆ. ಎರಡರ ಮುಚ್ಚಳವೂ ಉದ್ದ ಚೌಕ. ನಿಜವಾದ ಬಿಎಂಇ280 ಸರಿಯಾಗಿ ಚೌಕ, ಎರಡೂವರೆ ಮಿಲಿಮೀಟರ್‌ಗೆ ಎರಡೂವರೆ. ಬಿಎಂಪಿ ಒಂದು ಬದಿ ಎರಡೇ ಮಿಲಿಮೀಟರ್. ಅಂಗಡಿಯಲ್ಲೇ ಕಣ್ಣಿಗೆ ಬೀಳುತ್ತಿತ್ತು, ನೋಡಬೇಕು ಅಂತ ಗೊತ್ತಿದ್ದಿದ್ದರೆ. ಬೋರ್ಡಿನ ಹಿಂದೆ ಎರಡೂ ಹೆಸರು ಅಚ್ಚಾಗಿರುತ್ತವೆ, ಅದನ್ನು ನಂಬಬೇಡಿ.

ವಾಪಸ್ ತೆಗೆದುಕೊಂಡು ಹೋದೆ. "ಟೆಂಪರೇಚರ್ ಬರ್ತಿದೆಯಲ್ಲ ಸರ್, ಪೀಸ್ ಓಕೆ ಇದೆ" ಅಂದ. ನಂಬರ್ 58, 60 ಅಂತ ಹೇಳಿದರೆ ನಾನೇನೋ ಮಟ್ಕಾ ನಂಬರ್ ಹೇಳಿದ ಹಾಗೆ ನೋಡಿದ. ಸೋಲ್ಡರ್ ಮಾಡಿದ ಮೇಲೆ ರಿಟರ್ನ್ ಇಲ್ಲವಂತೆ. ಸೋಲ್ಡರ್ ಮಾಡದಿದ್ದರೆ ಕೆಲಸ ಮಾಡಲ್ಲ, ಮಾಡಿದರೆ ವಾಪಸ್ ಇಲ್ಲ. ಬಿಲ್ಲಿನಲ್ಲಿ "ಸೆನ್ಸರ್ ಎರಡು" ಅಂತ ಮಾತ್ರ ಇತ್ತು. ಬಿಲ್ಲಿನಲ್ಲಿ ಚಿಪ್ಪಿನ ಪೂರ್ತಿ ಹೆಸರು ಬರೆಸಿಕೊಳ್ಳಿ, ಜಗಳಕ್ಕಾದರೂ ಬೇಕು.

ಬೇರೆ ಕಡೆಯಿಂದ ಮೂರನೆಯದು ತರಿಸಿದೆ. 60 ಅಂದಿತು. ಊದಿದರೆ ತೇವ ಏರಿತು.

ಇನ್ನೊಂದು ಎಚ್ಚರಿಕೆ, ಇದರಲ್ಲಿ ಕೂದಲೆಳೆಯಲ್ಲಿ ಪಾರಾದೆ. ಭಾವನಿಗೆ ಫೋನಿಗಿಂತ ಗೋಡೆ ಮೇಲೆ ಅಂಕಿ ಕಾಣಬೇಕಂತೆ. ಎರಡು ಸಾಲಿನ ಎಲ್‌ಸಿಡಿ ತಂದೆ, ಹಿಂದೆ ಐಟೂಸಿ ಬೋರ್ಡ್ ಅಂಟಿಸಿದ್ದು, ವಿಳಾಸ 27. ಅದಕ್ಕೆ 5 ವೋಲ್ಟ್ ಬೇಕು. ಅದೇ ಎರಡು ತಂತಿಗೆ ಸೇರಿಸಿದರೆ ಚೆನ್ನಾಗಿಯೇ ನಡೆಯುತ್ತದೆ, ಎಲ್ಲರೂ ಹಾಗೇ ಮಾಡುತ್ತಾರೆ. ಪೆಟ್ಟು ತಿಂದವನಾದ್ದರಿಂದ ಮೊದಲು ಎಲ್‌ಸಿಡಿ ಒಂದಕ್ಕೇ 5 ವೋಲ್ಟ್ ಕೊಟ್ಟು, ಪೈಗೆ ಸೇರಿಸದೆ, ಅದರ ಎಸ್‌ಡಿಎ ಪಿನ್ನಿಗೆ ಮೀಟರ್ ಹಿಡಿದೆ. 5 ವೋಲ್ಟ್. ಅಂದರೆ ಇದರ ಪುಲ್-ಅಪ್ ಕೂಡ 5ಕ್ಕೇ ಕಟ್ಟಿದೆ. ಪೈನ ಮಾಮೂಲಿ 3, 5ನೇ ಪಿನ್‌ಗಳಿಗೆ ಸೇರಿಸಿದ್ದರೆ, ಆ ಕಡೆ 1.8 ಕಿಲೊ ಓಮ್ 3.3ಕ್ಕೆ, ಈ ಕಡೆ 4.7 ಕಿಲೊ ಓಮ್ 5ಕ್ಕೆ ಎಳೆದು, ಲೆಕ್ಕ ಹಾಕಿದರೆ ನಡುವೆ 3.8ರ ಹತ್ತಿರ ನಿಲ್ಲುತ್ತದೆ. ಅದಕ್ಕೇ ತುಂಬಾ ಜನರ ಪೈ ಬದುಕಿಕೊಂಡಿದೆ. ನಾನು ಕಟ್ಟಿದ ಹೊಸ ಬಸ್ಸಿನಲ್ಲಿ ಎರಡೂ ಕಡೆ 4.7, ಹಾಗಾಗಿ 4ರ ಹತ್ತಿರಕ್ಕೆ ಏರುತ್ತಿತ್ತು. ಸೆನ್ಸರ್ ಕೂಡ ಅದೇ ತಂತಿಯಲ್ಲಿದೆ. ಪೈ ಆಫ್ ಆಗಿದ್ದು ಎಲ್‌ಸಿಡಿಗೆ ಬೇರೆ ಚಾರ್ಜರಿನಿಂದ ಕರೆಂಟ್ ಹೋಗುತ್ತಿದ್ದರೆ ಇನ್ನೂ ಕೆಟ್ಟದ್ದು, ಪಿನ್ ಮೂಲಕ ಹಿಂದಿನಿಂದ ಪೈ ಒಳಗೆ ಹರಿಯುತ್ತದೆ. ನಡುವೆ 5 ವೋಲ್ಟಿನ ಕಡೆಯನ್ನೂ 3.3ರ ಕಡೆಯನ್ನೂ ಹೊಂದಿಸುವ ಲೆವೆಲ್ ಶಿಫ್ಟರ್ ಅನ್ನೋ ಪುಟ್ಟ ಬೋರ್ಡ್ ಹಾಕಿ. ಪೈ ಬೆಲೆಯ ಮುಂದೆ ಅದು ಕಾಫಿ ದುಡ್ಡು.

ಡಿಎಸ್18ಬಿ20 ಅನ್ನೋ ಮೂರು ತಂತಿಯ ಶಾಖದ ಸೆನ್ಸರ್ ಬಳಸುವವರಿಗೂ ಒಂದು ಮಾತು, ಅದು ಐಟೂಸಿ ಅಲ್ಲದಿದ್ದರೂ ಕಥೆ ಇದೇ. ಪೈನಲ್ಲಿ ಅದರ ಹೆಸರಿಗೆ 28ರಿಂದ ಶುರುವಾಗುವ ಫೋಲ್ಡರ್ ಬರಬೇಕು. ಬದಲು 00ಯಿಂದ ಶುರುವಾಗುವ ವಿಚಿತ್ರ ನಂಬರ್‌ಗಳು ಬಂದು ಹೋಗಿ ಮಾಡುತ್ತಿದ್ದರೆ, ಡೇಟಾ ತಂತಿಗೂ 3.3 ವೋಲ್ಟಿಗೂ ನಡುವೆ ಹಾಕಬೇಕಾದ 4.7 ಕಿಲೊ ಓಮ್ ಮರೆತಿದ್ದೀರಿ.

ಈಗ ಸೆನ್ಸರ್ ಹುಳು ಮನೆಯ ತೊಲೆಗೆ ನೇತಾಡುತ್ತಿದೆ. ಜ್ವರಕ್ಕೆ ಕೂತಾಗ ಹುಳುವಿನ ಮೇಲೆ ಸುಣ್ಣದ ಪುಡಿ ಎರಚುತ್ತಾರೆ, ಆ ದೂಳು ಮುಚ್ಚಳದ ತೂತಿಗೆ ಇಳಿಯದಿರಲಿ ಅಂತ ತೆಳು ಬಟ್ಟೆಯ ಚೀಲ ಕಟ್ಟಿದ್ದೇನೆ. ಬೆಳೆ ಮುಗಿದು ಬ್ಲೀಚಿಂಗ್ ಹೊಡೆಯುವ ಮೊದಲು ಬಿಚ್ಚಿ ಹೊರಗಿಡಬೇಕು, ಅಕ್ಕನಿಗೆ ಹೇಳಿಟ್ಟಿದ್ದೇನೆ. ಎಲ್‌ಸಿಡಿ ಇನ್ನೂ ಹಾಕಿಲ್ಲ, ಲೆವೆಲ್ ಶಿಫ್ಟರ್ ಬರಬೇಕು. ಅದು ಬಂದರೂ ಹುಳು ಗೂಡು ಕಟ್ಟಲು ಚಂದ್ರಂಕಿ ತಟ್ಟೆ ಹತ್ತುವ ತನಕ ಸೋಲ್ಡರಿಂಗ್ ಕಡ್ಡಿ ಹಿಡಿದು ಒಳಗೆ ಬರಬೇಡ ಅಂದಿದ್ದಾರೆ ಭಾವ. ಫೋನಿಗೆ 25 ಡಿಗ್ರಿ, 74 ಅಂತ ಬರುತ್ತಿದೆ. ರಾತ್ರಿ ಎರಡು ಗಂಟೆಗೆ ಅವರು ಎದ್ದು ಟಾರ್ಚ್ ಬಿಡುವುದೂ ನಡೆದೇ ಇದೆ.