ಯಾರಿಗೆ ಎಷ್ಟು ಅಧಿಕಾರ? ಓಪನ್‌ಸ್ಟ್ಯಾಕ್‌ನಲ್ಲಿ ಪತ್ತೆ ಹಚ್ಚುವ ಮೂರು ದಾರಿಗಳು

ಆಡಿಟ್ ಬಂದಾಗ ಖಾಸಗಿ ಕ್ಲೌಡ್ ನೋಡಿಕೊಳ್ಳುವವರ ಮುಂದೆ ಬರುವ ಪ್ರಶ್ನೆ ಸರಳವಾಗಿರುತ್ತದೆ: ಈ ಬಳಕೆದಾರ ಈ ಪ್ರಾಜೆಕ್ಟ್‌ನ ಸರ್ವರ್ ಅಳಿಸಬಲ್ಲನೇ? ಖಾಸಗಿ ಕ್ಲೌಡ್ ಕಟ್ಟಲು ಬಳಸುವ ತಂತ್ರಾಂಶವಾದ ಓಪನ್‌ಸ್ಟ್ಯಾಕ್‌ನಲ್ಲಿ ಉತ್ತರ ಅಷ್ಟು ಸರಳವಾಗಿ ಸಿಗುವುದಿಲ್ಲ. ಕಮಾಂಡ್ ಲೈನ್‌ನಲ್ಲಿ ಮೂರು ದಾರಿಗಳಿವೆ. ಗುಂಪಿನ ಮೂಲಕ ಮಾತ್ರ ರೀಡರ್ ಎಂಬ, ನೋಡಲಷ್ಟೇ ಬಿಡಬೇಕಾದ ರೋಲ್ (ಅಧಿಕಾರದ ದರ್ಜೆ) ಪಡೆದಿದ್ದ ಒಂದು ಪರೀಕ್ಷಾ ಖಾತೆಯ ಮೇಲೆ ಮೂರನ್ನೂ ಓಡಿಸಿ ನೋಡಿದೆ.

ಮೊದಲನೆಯದು ಎಲ್ಲರೂ ಬಳಸುವ ರೋಲ್ ಅಸೈನ್‌ಮೆಂಟ್ ಲಿಸ್ಟ್. ಬಳಕೆದಾರನನ್ನೂ ಪ್ರಾಜೆಕ್ಟನ್ನೂ ಹೆಸರಿಸಿ ಬರಿದಾಗಿ ಓಡಿಸಿದರೆ ನನ್ನ ಖಾತೆಗೆ ಒಂದು ಸಾಲೂ ಬರಲಿಲ್ಲ. ರೋಲ್ ಗುಂಪಿಗೆ ಸೇರಿದ್ದು, ಈ ಕಮಾಂಡ್ ಬಳಕೆದಾರನಿಗೆ ನೇರವಾಗಿ ಕೊಟ್ಟದ್ದನ್ನಷ್ಟೇ ಹುಡುಕುತ್ತದೆ. ಖಾಲಿ ಪಟ್ಟಿ ನೋಡಿ ‘ಈತನಿಗೆ ಏನೂ ಇಲ್ಲ’ ಎಂದು ಷರಾ ಬರೆಯುವುದು ಎಷ್ಟು ಸುಲಭ! ಎಫೆಕ್ಟಿವ್ ಎಂಬ ಆಯ್ಕೆ ಸೇರಿಸಿದ ಕೂಡಲೇ ರೀಡರ್ ಕಾಣಿಸಿತು. ಗುಂಪಿನಿಂದ ಬಂದದ್ದು, ಹಲವು ಪ್ರಾಜೆಕ್ಟ್‌ಗಳನ್ನು ಒಳಗೊಂಡ ಡೊಮೇನ್‌ನಿಂದ ಪ್ರಾಜೆಕ್ಟ್‌ಗೆ ಇಳಿದು ಬಂದದ್ದು, ಒಂದು ರೋಲ್‌ನೊಳಗೆ ಅಡಗಿರುವ ಇನ್ನೊಂದು ರೋಲ್, ಎಲ್ಲವನ್ನೂ ಅದು ಬಿಡಿಸಿ ತೋರಿಸುತ್ತದೆ. ಅಡ್ಮಿನ್ ರೋಲ್ ಪಡೆದವನ ಹೆಸರಿನ ಮುಂದೆ ಮೆಂಬರ್, ರೀಡರ್ ಸಾಲುಗಳೂ ಬರುವುದು ಇದರಿಂದಲೇ. ಆದರೆ ರೋಲ್ ಯಾವ ಗುಂಪಿನಿಂದ ಬಂತು ಎಂಬುದು ಆ ಪಟ್ಟಿಯಲ್ಲಿಲ್ಲ. ಗುಂಪಿನ ಹೆಸರನ್ನೂ ಎಫೆಕ್ಟಿವ್ ಆಯ್ಕೆಯನ್ನೂ ಒಟ್ಟಿಗೆ ಕೊಟ್ಟರೆ ಬಳಕೆದಾರರನ್ನೂ ರೋಲ್‌ಗಳನ್ನೂ ನೋಡಿಕೊಳ್ಳುವ ಓಪನ್‌ಸ್ಟ್ಯಾಕ್ ಸೇವೆಯಾದ ಕೀಸ್ಟೋನ್ ಒಪ್ಪುವುದಿಲ್ಲ. ಹಾಗಾಗಿ ಎರಡು ಬಗೆಯಲ್ಲೂ ಓಡಿಸಿ, ವ್ಯತ್ಯಾಸ ನೋಡುವುದೇ ಸರಿ. ನೇಮ್ಸ್ ಆಯ್ಕೆಯನ್ನು ಮರೆಯಬೇಡಿ. ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಉದ್ದುದ್ದ ಐಡಿಗಳನ್ನು ಓದುತ್ತ ಕೂರಬೇಕಾಗುತ್ತದೆ.

ರೋಲ್ ತಿಳಿಯಿತು. ರೀಡರ್ ಆದವನು ಸರ್ವರ್ ಅಳಿಸಬಲ್ಲನೇ? ಹೆಸರು ನೋಡಿದರೆ ಆಗದು ಎನಿಸುತ್ತದೆ, ಅಸಲಿ ತೊಡಕು ಇರುವುದೇ ಅಲ್ಲಿ. ಕೀಸ್ಟೋನ್ ರೋಲ್ ಹಂಚುತ್ತದೆ ಅಷ್ಟೇ. ಯಾವ ರೋಲ್ ಏನು ಮಾಡಬಹುದು ಎಂದು ತೀರ್ಮಾನಿಸುವುದು ನೋವಾ (ಸರ್ವರ್), ನ್ಯೂಟ್ರಾನ್ (ನೆಟ್‌ವರ್ಕ್), ಸಿಂಡರ್ (ಡಿಸ್ಕ್) ಸೇವೆಗಳ ತಮ್ಮ ತಮ್ಮ ಪಾಲಿಸಿ, ಅಂದರೆ ನಿಯಮಗಳ ಪಟ್ಟಿ. ನೋವಾದ ಹಳೆಯ ನಿಯಮ ‘ಅಡ್ಮಿನ್ ಅಥವಾ ಒಡೆಯ’ ಎಂದಿತ್ತು, ಮತ್ತು ಒಡೆಯ ಎಂದರೆ ಆ ಪ್ರಾಜೆಕ್ಟ್‌ನಲ್ಲಿ ಯಾವುದೇ ರೋಲ್ ಇರುವವನು. ರೀಡರ್ ಕೂಡ ಅದರಲ್ಲಿ ಬಂದ! ಹೊಸ ನಿಯಮಗಳು 2020ರ ಉಸ್ಸೂರಿ ಆವೃತ್ತಿಯಲ್ಲೇ ಬಂದರೂ ನೋವಾದಲ್ಲಿ ಅವು ತಾನಾಗಿ ಜಾರಿಯಾದದ್ದು 2023.1 ಆವೃತ್ತಿಯಿಂದ. ಅದಕ್ಕಿಂತ ಹಳೆಯ ಕ್ಲೌಡ್‌ನಲ್ಲಿ ರೀಡರ್ ಎಂಬ ಹೆಸರನ್ನು ನಂಬಿ ಕೂರುವುದು ಅಪಾಯ.

ಇಲ್ಲಿ ನೆರವಿಗೆ ಬರುವುದು ಎರಡನೆಯ ದಾರಿ, ಓಸ್ಲೋಪಾಲಿಸಿ ಚೆಕರ್. ಪಾಲಿಸಿ ಫೈಲ್, ಟೋಕನ್‌ನ (ಲಾಗಿನ್ ಆದಾಗ ಸಿಗುವ ಗುರುತಿನ ಚೀಟಿಯ) ವಿವರವಿರುವ ಜೇಸನ್ ಫೈಲ್ ಮತ್ತು ನಿಯಮದ ಹೆಸರು ಕೊಟ್ಟರೆ ಪಾಸ್ ಅಥವಾ ಫೇಲ್ ಎಂದು ಹೇಳುತ್ತದೆ. ಏನನ್ನೂ ಅಳಿಸದೆ ಅಳಿಸಬಹುದೇ ಎಂದು ತಿಳಿಯುವ ಸೌಕರ್ಯ ನನಗೆ ಬಹಳ ಹಿಡಿಸಿತು. ಆದರೆ ಸಿದ್ಧತೆ ಕೇಳುತ್ತದೆ. ಈಗಿನ ಪಾಲಿಸಿ ಫೈಲ್‌ನಲ್ಲಿ ನಾವು ಬದಲಿಸಿದ ನಿಯಮಗಳು ಮಾತ್ರ ಇರುತ್ತವೆ, ಉಳಿದವು ಕೋಡ್‌ನೊಳಗೆ. ಅದಕ್ಕೇ ಮೊದಲು ಪಾಲಿಸಿ ಜನರೇಟರ್ ಓಡಿಸಿ ಪೂರ್ಣ ಫೈಲ್ ಪಡೆಯಬೇಕು, ಅದೂ ಆ ಸೇವೆ ಇರುವ ಕಂಟ್ರೋಲರ್ ಯಂತ್ರದಲ್ಲೇ. ಹೊಸ ನಿಯಮಗಳನ್ನು ಜಾರಿಗೊಳಿಸುವ ಸೆಟ್ಟಿಂಗ್ ಇರುವುದು ಪಾಲಿಸಿ ಫೈಲ್‌ನಲ್ಲಲ್ಲ, ಸೇವೆಯ ಕಾನ್ಫಿಗ್ ಫೈಲ್‌ನಲ್ಲಿ. ಅದನ್ನೂ ತೆರೆದು ನೋಡಬೇಕು.

ಮೂರನೆಯದು ಒರಟು ದಾರಿ: ಅದೇ ಗುಂಪಿಗೆ ಸೇರಿಸಿದ ಪರೀಕ್ಷಾ ಖಾತೆಯಿಂದ ಲಾಗಿನ್ ಆಗಿ, ಕೆಲಸಕ್ಕೆ ಬಾರದ ಒಂದು ಸರ್ವರನ್ನು ಅಳಿಸಲು ಹೋಗುವುದು. ತಡೆದರೆ 403 (ಅನುಮತಿ ಇಲ್ಲ ಎಂಬ ದೋಷಸಂಖ್ಯೆ) ಬರುತ್ತದೆ, ಜತೆಗೆ ಯಾವ ನಿಯಮ ತಡೆಯಿತು ಎಂಬ ಹೆಸರನ್ನೂ ನೋವಾ ಹೇಳುತ್ತದೆ. ಆ ಹೆಸರನ್ನೇ ಚೆಕರ್‌ಗೆ ಕೊಡಬಹುದು. ನಿಜ ಹೇಳುವ ವಿಷಯದಲ್ಲಿ ಇದನ್ನು ಮೀರಿಸಿದ್ದು ಇನ್ನೊಂದಿಲ್ಲ. ಒಂದು ಎಚ್ಚರಿಕೆ ಬೇಕು: ಸೇವೆಗಳು ಟೋಕನ್ ವಿವರವನ್ನು ಸಾಮಾನ್ಯವಾಗಿ 300 ಸೆಕೆಂಡ್ ಕ್ಯಾಶ್‌ನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಇಟ್ಟುಕೊಳ್ಳುತ್ತವೆ. ರೋಲ್ ಕಿತ್ತ ತಕ್ಷಣ ಹಳೆಯ ಟೋಕನ್‌ನಿಂದ ಪರೀಕ್ಷಿಸಿದರೆ ಹಳೆಯ ಉತ್ತರವೇ ಬರಬಹುದು.

ಕ್ಲೌಡ್‌ನ ಮೇಲೆ ಕುಬರ್ನೆಟೀಸ್ (ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ) ಓಡಿಸುವವರು ಇದನ್ನೆಲ್ಲ ಓದಿ ನಕ್ಕಾರು. ಅವರಿಗೆ ಅದರ ಕಮಾಂಡ್ ಲೈನ್ ಸಾಧನವಾದ ಕ್ಯೂಬ್‌ಸಿಟಿಎಲ್‌ನ ‘ಆತ್ ಕ್ಯಾನ್ ಐ’ ಇದೆ. ಬೇರೆಯವರ ಹೆಸರಿನಲ್ಲಿ ಕೇಳಿದರೂ ಹೌದು ಅಥವಾ ಇಲ್ಲ ಎನ್ನುತ್ತದೆ, ಹಾಗೆ ಕೇಳುವ ಅಧಿಕಾರ ನಮಗಿರಬೇಕು ಅಷ್ಟೇ. ಆದರೆ ಅಲ್ಲೂ ಗುಂಪಿನ ಹೆಸರನ್ನು ನಾವೇ ಬೇರೆಯಾಗಿ ಕೊಡಬೇಕು, ಇಲ್ಲದಿದ್ದರೆ ಗುಂಪಿನಿಂದ ಬಂದ ಅಧಿಕಾರ ಲೆಕ್ಕಕ್ಕೇ ಬರುವುದಿಲ್ಲ.

ದಿನನಿತ್ಯದ ಪರಿಶೀಲನೆಗೆ ನಾನು ಎಫೆಕ್ಟಿವ್ ಪಟ್ಟಿಯನ್ನೇ ಜೇಸನ್ ರೂಪದಲ್ಲಿ ತೆಗೆದು ಹಿಂದಿನದರೊಂದಿಗೆ ಹೋಲಿಸುತ್ತೇನೆ. ಕ್ಲೌಡ್‌ನ ಆವೃತ್ತಿ ಬದಲಾದಾಗ ಮಾತ್ರ ಚೆಕರ್ ಹೊರತೆಗೆಯುತ್ತೇನೆ. ಅಳಿಸುವುದು, ಪಾಸ್‌ವರ್ಡ್ ಬದಲಿಸುವುದು, ನೆಟ್‌ವರ್ಕ್ ತೆರೆಯುವುದು, ಈ ಮೂರಕ್ಕೆ ಪರೀಕ್ಷಾ ಖಾತೆಯಿಂದ ಕೈಯಾರೆ ಪ್ರಯತ್ನಿಸದೆ ವರದಿಗೆ ಸಹಿ ಹಾಕುವುದಿಲ್ಲ.