ಪ್ರಾರ್ಥನೆ ಹೇಗೆ ಮಾಡೋದು: ಬೈಬಲಿನ ಹನ್ನಳ ಹಾಗೆ, ನೆಹೆಮೀಯನ ಹಾಗೆ, ಇಲ್ಲ ಯೇಸು ಕಲಿಸಿದ ಹಾಗೆ?

ಸಮಯ ಕಡಿಮೆ ಅಂದ್ರೆ ನೆಹೆಮೀಯ, ಪರ್ಷಿಯದ ಅರಸನ ಸೇವಕ. ಅರಸನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆಯೇ ಪ್ರಾರ್ಥಿಸಿದ (ನೆಹೆಮೀಯ 2:4). ಬೀದರ್–ಕಲಬುರಗಿ ಬಸ್ಸಿನಲ್ಲಿ ನಿಂತೇ ಹೋಗುವವರಿಗೆ ಇದು ಸುಲಭ.

ಮಾತೇ ಬರದಿದ್ದರೆ ಯೇಸು ಕಲಿಸಿದ ಪ್ರಾರ್ಥನೆ (ಮತ್ತಾಯ 6:9-13) ಹಿಡಿಯಿರಿ. ಮೊದಲು ದೇವರ ಹೆಸರು, ರಾಜ್ಯ, ಚಿತ್ತ. ಆಮೇಲೆ ಅನುದಿನದ ಆಹಾರ (ನಮಗಂತೂ ಜೋಳದ ರೊಟ್ಟಿ), ಕ್ಷಮೆ. ಬಾಯಿಪಾಠವಾದರೆ ಮನಸ್ಸು ಮಾತ್ರ ಎಲ್ಲೋ ಹೋಗಿರುತ್ತದೆ.

ಎದೆ ಭಾರವಾಗಿದ್ದರೆ ಹನ್ನಳೇ ಸರಿ (1 ಸಮುವೇಲ 1). ಮಕ್ಕಳಿಲ್ಲದ ನೋವಿನಲ್ಲಿ ಮಗನಿಗಾಗಿ ಬೇಡುತ್ತಿದ್ದಳು. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ, ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡ. ಆದರೂ ಅವಳು ಎಲ್ಲ ಹೇಳಿಕೊಂಡು ಎದ್ದು ಊಟ ಮಾಡಿದಳು, ಮಗು ಇನ್ನೂ ಹುಟ್ಟಿರಲಿಲ್ಲ ನೋಡಿ. ಮನೆ ತುಂಬ ಜನ ಇದ್ದು ಗಟ್ಟಿಯಾಗಿ ಪ್ರಾರ್ಥಿಸಲು ಆಗದವರಿಗೂ ಇದೇ ದಾರಿ. ಮಗ ಹುಟ್ಟಿದರೆ ದೇವರಿಗೇ ಕೊಡುತ್ತೇನೆ ಅನ್ನುವ ಅವಳ ಹರಕೆಯನ್ನು ಮಾತ್ರ ಸುಮ್ನೆ ನಕಲು ಮಾಡಬೇಡಿ.